ಹನ್ನೊಂದು ಆಸ್ಪತ್ರೆಗಳಿಗೆ ಒಂದೇ ಪ್ರಶ್ನೆ

ಹಂಸ ನನಗೆ ಪರಿಚಯವಾದದ್ದು ಮೆಟ್ಟಿಲ ಮೇಲೆ. ಶಿವಾಜಿನಗರ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಹಳೆಯ ಕಟ್ಟಡ ಅದು. ನೆಲಮಹಡಿಯಲ್ಲಿ ಕನ್ನಡಕದ ಅಂಗಡಿ, ಮೊದಲನೇ ಮಹಡಿಯಲ್ಲಿ ನಾನು ಕರಡು ತಿದ್ದುವ ಮದುವೆ ಕಾರ್ಡಿನ ಪ್ರೆಸ್ಸು, ಅದರ ಮೇಲೆ ಅವಳ ಆಫೀಸು. ಲಿಫ್ಟ್ ಇಲ್ಲ. ಬೆಳಿಗ್ಗೆ ಹತ್ತಕ್ಕೆ ನಮ್ಮ ಬಾಗಿಲ ತನಕ ಹತ್ತಿ ಬಂದು, ಗೋಡೆಗೆ ಕೈ ಕೊಟ್ಟು ಒಂದು ನಿಮಿಷ ನಿಲ್ಲುತ್ತಿದ್ದಳು. ಮಂಡಿ ನೋವು. ನಾನು ಸ್ಟೂಲು ತೋರಿಸಿದರೆ, "ಕೂತ್ರೆ ಏಳಕ್ಕಾಗಲ್ಲ ಬಿಡ್ರೀ" ಎನ್ನುತ್ತಿದ್ದಳು. ಏಳು ವರ್ಷದಲ್ಲಿ ಅವಳು ಆ ಸ್ಟೂಲಿನ ಮೇಲೆ ಕೂತದ್ದು ಒಂದೇ ಸಲ.

ಅವಳು ಕಗ್ಗದಾಸಪುರದವಳು. ಈಗ ಎಲ್ಲರೂ ಸಿ.ವಿ. ರಾಮನ್ ನಗರ ಎಂದು ಒಟ್ಟಾಗಿ ಕರೆದುಬಿಡುವ ಕಡೆ ಅವಳ ತಾತ ರಾಗಿ ಬೆಳೆದವರು. ಅಪ್ಪ ಮುನಿಶಾಮಿಯ ಕಾಲಕ್ಕೆ ಹೊಲ ಸೈಟುಗಳಾಯಿತು, ಸೈಟುಗಳ ಮೇಲೆ ಬಾಡಿಗೆ ಮನೆಗಳೆದ್ದವು. ಹಂಸಳ ಪಾಲಿಗೆ ಬಂದದ್ದು ಒಂದು ಇಕ್ಕಟ್ಟಾದ ಕಟ್ಟಡದ ನಡುವಿನ ಮಹಡಿ. ಕೆಳಗಿನದು ತಮ್ಮನದು; ಅವನು ಅದನ್ನು ಟೆಕ್ ಪಾರ್ಕಿನ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದ. ಗಂಡ ಕೆಂಪರಾಜ್ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಫೆಬ್ರವರಿಯಿಂದ ಜೂನ್ ತನಕ ಅವನು ಮನೆಗೆ ಬರುವುದು ಸ್ನಾನಕ್ಕೆ ಮಾತ್ರ ಎಂದು ಅವಳೇ ನಗುತ್ತಾ ಹೇಳುತ್ತಿದ್ದಳು. ಒಬ್ಬಳೇ ಮಗಳು ಸುಕನ್ಯ, ಪಿಯುಸಿ ಓದುತ್ತಿದ್ದಳು.

ಹಂಸ ಬಿ.ಎಸ್ಸಿ. ಮುಗಿಸಿದ್ದು ೨೦೦೩ರಲ್ಲಿ. ಆಮೇಲೆ ಆರು ತಿಂಗಳು ಕಮರ್ಷಿಯಲ್ ಸ್ಟ್ರೀಟಿನ ಹಿಂದೆ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಪಿಎಚ್‌ಪಿ ಕಲಿತಳು. ವೆಬ್‌ಸೈಟಿನ ಮುಂದೆ ನಾವು ಹೆಸರು ಟೈಪ್ ಮಾಡಿ ಒತ್ತಿದಾಗ, ಹಿಂದೆ ಕೂತು ಅದನ್ನು ಹುಡುಕಿ ತರುವ ಕೆಲಸ ಮಾಡುವ ಭಾಷೆಯಂತೆ ಅದು. ಇಪ್ಪತ್ತು ವರ್ಷ ಅವಳು ಬರೆದದ್ದು ಅದೊಂದನ್ನೇ. ಕಲ್ಯಾಣ ಮಂಟಪಗಳಿಗೆ, ಟ್ರಾವೆಲ್ಸ್‌ನವರಿಗೆ, ಬೆನ್ಸನ್ ಟೌನಿನ ಒಂದು ಬೇಕರಿಗೆ ಸೈಟು ಮಾಡಿಕೊಟ್ಟಿದ್ದಳು. ಮನೆಯ ತಾರಸಿಯಿಂದ ಟೆಕ್ ಪಾರ್ಕಿನ ಗಾಜಿನ ಗೋಡೆ ಕಾಣುತ್ತದೆ. ಒಂದು ಸಲ ಅಲ್ಲಿಗೆ ಇಂಟರ್‌ವ್ಯೂಗೂ ಹೋಗಿದ್ದಳು. "ಕರೀತೀವಿ ಅಂದ್ರು, ಕರೀಲಿಲ್ಲ" ಎನ್ನುವಷ್ಟರಲ್ಲೇ ಆ ಕಥೆ ಮುಗಿಯುತ್ತಿತ್ತು. ಕೆಳಗಿನ ಮನೆಯ ಹುಡುಗರು ಬಟ್ಟೆ ಒಣಗಿಸಲು ಬಂದಾಗ, "ಆಂಟಿ, ಇನ್ನೂ ಪಿಎಚ್‌ಪಿನಾ?" ಅಂತ ಕೇಳುತ್ತಿದ್ದರಂತೆ. ಅವಳಿಗೆ ಸಿಟ್ಟೇನೂ ಬರುತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ಕಸುವು ಉಳಿಯಲಿಕ್ಕೂ ಬೆಳಗಿನ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿರಬೇಕು ಎಂದಿದ್ದಳು.

ನಮ್ಮ ಮೇಲಿನ ಆ ಆಫೀಸು ಒಂದು ಸಣ್ಣ ಟ್ರಸ್ಟಿನದು. ಅದನ್ನು ನಡೆಸುತ್ತಿದ್ದವರು ಗಯಾಜ್ ಸಾಹೇಬರು. ಫ್ರೇಜರ್ ಟೌನಿನಲ್ಲಿ ಚರ್ಮದ ವ್ಯಾಪಾರ ಮಾಡಿ, ಮಕ್ಕಳಿಗೆ ಬಿಟ್ಟುಕೊಟ್ಟವರು. ಬಹಳ ಹಿಂದೆ ಅವರ ಅಣ್ಣ ರಸ್ತೆಯಲ್ಲಿ ಬಿದ್ದು, ಯಾರೋ ಎತ್ತಿಕೊಂಡು ಹೋಗಿ ಯಾವುದೋ ನರ್ಸಿಂಗ್ ಹೋಮಿಗೆ ಸೇರಿಸಿ, ಒಂಬತ್ತು ದಿನ ಮನೆಯವರಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಾದಾಗ ಅಣ್ಣ ಬದುಕಿರಲಿಲ್ಲ. ಆ ನೋವಿನಿಂದ ಹುಟ್ಟಿದ ಟ್ರಸ್ಟು ಅದು. ಕಾಣೆಯಾದವರ ಮನೆಯವರು ಫೋನ್ ಮಾಡಿ ಹೆಸರು, ವಯಸ್ಸು ಹೇಳಿದರೆ, ಊರಿನ ಪೂರ್ವ ಭಾಗದ ಹನ್ನೊಂದು ಸಣ್ಣ ಆಸ್ಪತ್ರೆಗಳಲ್ಲಿ ಆ ಹೆಸರಿನವರು ಸೇರಿದ್ದಾರೆಯೇ ಎಂದು ನೋಡಿ ಹೇಳುವುದು ಅದರ ಕೆಲಸ. ಫೋನ್ ಎತ್ತುವವಳು ಫಹ್ಮಿದಾ, ಟ್ಯಾನರಿ ರಸ್ತೆಯ ಕಡೆಯವಳು, ಮೂವತ್ತರ ಒಳಗಿನ ಹೆಂಗಸು. ಹುಡುಕುವ ಪುಟ ಬರೆದು, ಅದು ಕೆಡದಂತೆ ನೋಡಿಕೊಳ್ಳುವವಳು ಹಂಸ. ಇಡೀ ಟ್ರಸ್ಟೆಂದರೆ ಈ ಮೂರು ಜನ.

ಹನ್ನೊಂದು ಆಸ್ಪತ್ರೆಗಳಲ್ಲಿ ಪ್ರತಿಯೊಂದಕ್ಕೂ ಅದರದ್ದೇ ಡೇಟಾಬೇಸ್. ಸೇರಿದವರ ಹೆಸರು, ವಯಸ್ಸು, ದಿನ, ಇಷ್ಟು ಮಾತ್ರ ಇವರಿಗೆ ತೋರಿಸಲು ಒಪ್ಪಿದ್ದರು. ಹಂಸಳ ಪುಟ ಒಂದೊಂದೇ ಆಸ್ಪತ್ರೆಯನ್ನು ಕೇಳುತ್ತಿತ್ತು. ಮೊದಮೊದಲು ಅವಳು ಹೆಸರನ್ನು ನೇರವಾಗಿ ಪ್ರಶ್ನೆಯೊಳಗೇ ತುರುಕಿ ಕಳಿಸುತ್ತಿದ್ದಳು. ಕುಕ್ ಟೌನಿನಿಂದ ಒಬ್ಬರು ತಮ್ಮ ಚಿಕ್ಕಮ್ಮ ಮಿಸೆಸ್ ಡಿ'ಕ್ರೂಜ್ ಅವರನ್ನು ಹುಡುಕಲು ಬಂದಾಗ ಪುಟ ಕೆಟ್ಟು ನಿಂತಿತು. ಹೆಸರಿನ ನಡುವಿನ ಆ ಸಣ್ಣ ಗೆರೆಯನ್ನು ಕಂಡು ಡೇಟಾಬೇಸ್ ವಾಕ್ಯ ಅಲ್ಲಿಗೇ ಮುಗಿಯಿತು ಎಂದುಕೊಂಡಿತಂತೆ. ದಂಡುಪ್ರದೇಶದಲ್ಲಿ ಅಂಥ ಹೆಸರುಗಳಿಗೆ ಬರವೇ? ಅವತ್ತಿನಿಂದ ಅವಳು ಎಲ್ಲ ಕಡೆಯೂ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸತೊಡಗಿದಳು. ಅಂದರೆ ಖಾಲಿ ಜಾಗ ಬಿಟ್ಟ ಒಂದು ಅರ್ಜಿ ನಮೂನೆಯನ್ನು ಆಸ್ಪತ್ರೆಯ ಡೇಟಾಬೇಸಿಗೆ ಮೊದಲೇ ಕೊಟ್ಟಿಡುವುದು. ಆಮೇಲೆ ಪ್ರತಿ ಸಲ ಖಾಲಿ ಜಾಗಕ್ಕೆ ಹೆಸರು, ವಯಸ್ಸು ಮಾತ್ರ ಕಳಿಸಿದರೆ ಸಾಕು. ಹೆಸರಿನಲ್ಲಿ ಏನೇ ಗೆರೆಯಿದ್ದರೂ ಅದು ಹೆಸರಾಗಿಯೇ ಉಳಿಯುತ್ತದೆ.

ಅದು ಸರಿಹೋಯಿತು. ಆದರೆ ನಿಧಾನ ಹೋಗಲಿಲ್ಲ. ಒಂದು ಆಸ್ಪತ್ರೆ ಉತ್ತರ ಕೊಡುವ ತನಕ ಇನ್ನೊಂದನ್ನು ಕೇಳುವಂತಿರಲಿಲ್ಲ. ಕೆ.ಆರ್. ಪುರದ ಒಂದು ಆಸ್ಪತ್ರೆಯ ಲೈನು ಎಷ್ಟು ಮಂದವೆಂದರೆ, ಅದೊಂದೇ ಅರ್ಧ ನಿಮಿಷ ತಿನ್ನುತ್ತಿತ್ತು.

"ಹಂಸಕ್ಕಾ, ಸ್ಕ್ರೀನಲ್ಲಿ ಈ ಚಕ್ರ ತಿರುಗ್ತಾನೇ ಇರುತ್ತೆ," ಎಂದಳು ಫಹ್ಮಿದಾ ಒಂದು ದಿನ. "ಆ ಕಡೆ ಅಳ್ತಾ ಇರ್ತಾರೆ. ಲೈನಲ್ಲಿರಿ, ಲೈನಲ್ಲಿರಿ ಅಂತ ಎಷ್ಟ್ ಸಲ ಹೇಳ್ಲಿ? ನಿನ್ನೆ ಒಬ್ರು ಇಟ್ಟೇಬಿಟ್ರು."

ಹಂಸ ಏಪ್ರಿಲ್ ಪೂರ್ತಿ ಅದರ ಹಿಂದೆ ಬಿದ್ದಳು. ಪಿಎಚ್‌ಪಿಯಲ್ಲಿ ಅದಕ್ಕೊಂದು ದಾರಿಯಿದೆ. ನಮೂನೆಗೆ ಹೆಸರು ತುಂಬಿ ಕಳಿಸಿ, ಉತ್ತರಕ್ಕೆ ಕಾಯದೆ ಮುಂದಿನದಕ್ಕೆ ಹೋಗುವುದು. ಹನ್ನೊಂದಕ್ಕೂ ಕಳಿಸಿದ ಮೇಲೆ ಯಾರ್ಯಾರು ಉತ್ತರ ಕೊಟ್ಟಿದ್ದಾರೆ ಎಂದು ತಿರುಗಿ ಬಂದು ಎತ್ತಿಕೊಳ್ಳುವುದು. ಗಯಾಜ್ ಸಾಹೇಬರು ಅರ್ಥವಾಗಲಿಲ್ಲ ಎಂದಾಗ ಅವಳು ವಿವರಿಸಿದ್ದು ಹೀಗೆ:

"ಸಾಹೇಬ್ರೇ, ಹನ್ನೊಂದು ಮನೆಗೆ ನಾನೇ ಹೋಗಿ ಬಾಗ್ಲಲ್ಲಿ ನಿಂತು ಉತ್ರ ಇಸ್ಕೊಂಡ್ ಬರ್ತಿದ್ದೆ. ಈಗ ಹನ್ನೊಂದು ಜನರ ಕೈಲಿ ಚೀಟಿ ಕೊಟ್ಟು ಒಟ್ಟಿಗೇ ಕಳಿಸ್ತೀನಿ. ವಾಪಸ್ ಬಂದವ್ರ ಹತ್ರ ಇಸ್ಕೊತೀನಿ."

"ಅಚ್ಛಾ ಮಾಡಿದ್ರಿ," ಎಂದರು ಸಾಹೇಬರು. "ಜಲ್ದಿ ಬೇಕು ನಮ್ಗೆ. ಕಾಯೋರಿಗೆ ಒಂದೊಂದು ಮಿನಿಟೂ ಒಂದ್ ವರ್ಷ."

ಮೇ ತಿಂಗಳಿನಿಂದ ಹೊಸ ಪುಟ ಓಡತೊಡಗಿತು. ಒಂದೂವರೆ ನಿಮಿಷದ ಹುಡುಕಾಟ ಮೂವತ್ತು ಸೆಕೆಂಡಿಗೆ ಇಳಿಯಿತು. ಫಹ್ಮಿದಾ ಅವಳಿಗೆ ಮನೆಯಿಂದ ಶೀರ್ ಕುರ್ಮಾ ಪಾಯಸ ತಂದುಕೊಟ್ಟಳು. ನನಗೂ ಒಂದು ಬಟ್ಟಲು ಕೆಳಗೆ ಬಂತು. ಹಂಸ ಖುಷಿಯಾಗಿದ್ದಳೇ ಎಂದು ಕೇಳಿದರೆ ಹೇಳುವುದು ಕಷ್ಟ. ಸುಸ್ತು ಸ್ವಲ್ಪ ಕಡಿಮೆಯಾದಂತೆ ಕಂಡಿದ್ದಳು, ಅಷ್ಟು ನಿಜ.

ಆದದ್ದು ಜೂನ್ ಕೊನೆಯ ವಾರ.

ಗುರುವಾರ ಮಧ್ಯಾಹ್ನ ಕೆ.ಆರ್. ಪುರದ ಆ ಆಸ್ಪತ್ರೆಯಲ್ಲಿ ಬ್ಯಾಟರಿ ಬದಲಾಯಿಸುವುದಕ್ಕಾಗಿ ಕಂಪ್ಯೂಟರನ್ನು ಹತ್ತು ನಿಮಿಷ ಆರಿಸಿ ಮತ್ತೆ ಹಚ್ಚಿದ್ದರು. ಇದು ಹಂಸಳಿಗೆ ಗೊತ್ತಾದದ್ದು ಆರು ದಿನದ ನಂತರ. ಶುಕ್ರವಾರ ಬೆಳಿಗ್ಗೆ, ಅದೇ ಆಸ್ಪತ್ರೆಗೆ ಮುನಿವೆಂಕಟಪ್ಪ ಎಂಬ ಅರವತ್ತೆರಡು ವರ್ಷದವರನ್ನು ಕರೆತಂದು ಸೇರಿಸಿದರು. ಹಲಸೂರಿನವರು, ಕೆ.ಆರ್. ಪುರದ ಒಂದು ಗೋದಾಮಿನಲ್ಲಿ ಕಾವಲು ಕೆಲಸ. ಪಾಳಿ ಮುಗಿಸಿ ರಸ್ತೆ ದಾಟುವಾಗ ಬೈಕು ಗುದ್ದಿ ಸೊಂಟದ ಮೂಳೆ ಮುರಿದಿತ್ತು, ತಲೆಗೂ ಏಟಾಗಿತ್ತು. ಫೋನು ನುಚ್ಚುನೂರು. ಹೆಸರು, ವಯಸ್ಸು ಅವರೇ ಹೇಳಿದರು, ಕೌಂಟರಿನವರು ಸರಿಯಾಗಿಯೇ ಬರೆದುಕೊಂಡರು. ಆಮೇಲೆ ಎರಡು ದಿನ ಅವರಿಗೆ ಸರಿಯಾದ ಪ್ರಜ್ಞೆ ಇರಲಿಲ್ಲ.

ಅವರ ಹೆಂಡತಿ ಜಟ್ಟೆಮ್ಮ ಹಲಸೂರಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಹೂವು ಕಟ್ಟಿ ಮಾರುವವಳು. ಶುಕ್ರವಾರ ಸಂಜೆ ಟ್ರಸ್ಟಿಗೆ ಫೋನ್ ಮಾಡಿದಳು. ಫಹ್ಮಿದಾ ಹುಡುಕಿದಳು. ಹನ್ನೊಂದು ಸಾಲೂ ಬಂತು, ಹನ್ನೊಂದರ ಮುಂದೆಯೂ ‘ದಾಖಲೆ ಇಲ್ಲ’ ಎಂದಿತ್ತು. ಶನಿವಾರ ಜಟ್ಟೆಮ್ಮ ಮೆಟ್ಟಿಲು ಹತ್ತಿ ತಾನೇ ಬಂದಳು. ಅವಳು ನಮ್ಮ ಬಾಗಿಲ ಮುಂದೆ ಹೋದದ್ದು ನನಗೂ ನೆನಪಿದೆ. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಗಂಡನ ಮತದಾರರ ಚೀಟಿ ಹಿಡಿದಿದ್ದಳು. ಮತ್ತೆ ಇಲ್ಲ. ಸೋಮವಾರ ಬೆಳಿಗ್ಗೆ ಮತ್ತೆ ಬಂದಳು. ಮತ್ತೆ ಇಲ್ಲ.

"ಅಮ್ಮಾ, ಸಿಕ್ಕಿದ್ರೆ ನಮ್ಗೂ ಒಂದ್ ಮಾತು ಹೇಳಿ," ಎಂದು ಫಹ್ಮಿದಾ ಬಾಗಿಲ ತನಕ ಬಂದು ಬೀಳ್ಕೊಟ್ಟಿದ್ದಳು.

ಬುಧವಾರ ಹನ್ನೊಂದು ಗಂಟೆಗೆ ಜಟ್ಟೆಮ್ಮ ಮೂರನೇ ಸಲ ಮೇಲೆ ಹತ್ತಿದಳು. ಏದುಸಿರು ಬಿಡುತ್ತಾ ಫಹ್ಮಿದಾಳ ಮೇಜಿನ ಮುಂದೆ ನಿಂತು, "ಸಿಕ್ಕಿದ್ರೆ ಹೇಳಿ ಅಂದಿದ್ಯಲ್ಲ ಮಗ್ಳೇ, ಹೇಳೋಣಾಂತ ಬಂದೆ. ಸಿಕ್ಬುಟ್ರು. ಹೆಸ್ರು ಹೊಡ್ದಾಕು," ಎಂದಳು.

"ಅಲ್ಹಮ್ದುಲಿಲ್ಲಾ! ಎಲ್ಲಿದ್ರಮ್ಮಾ?"

ಜಟ್ಟೆಮ್ಮ ಆ ಆಸ್ಪತ್ರೆಯ ಹೆಸರು ಹೇಳಿದಳು. ಪಕ್ಕದ ಹಾಸಿಗೆಯ ರೋಗಿಯನ್ನು ನೋಡಿಕೊಳ್ಳುತ್ತಿದ್ದ ಒಬ್ಬರಿಗೆ ಮುನಿವೆಂಕಟಪ್ಪ ತಮ್ಮ ಬೀದಿಯ ಗುರುತು ಹೇಳಿದ್ದರಂತೆ. ಆ ಪುಣ್ಯಾತ್ಮ ಸೋಮವಾರ ಸಂಜೆ ಹಲಸೂರಿಗೆ ಬಂದು, ಹೂವಿನ ಜಟ್ಟೆಮ್ಮ ಯಾರು ಎಂದು ಅಂಗಡಿಗಳಲ್ಲಿ ವಿಚಾರಿಸಿ ತಿಳಿಸಿದ್ದ.

ಫಹ್ಮಿದಾಳ ಮುಖ ಬಾಡಿತು. "ಯಾವತ್ತು ಸೇರ್ಸಿದ್ದಮ್ಮಾ?"

"ಶುಕ್ರವಾರ ಬೆಳಿಗ್ಗೇನೇ. ನಾನ್ ನಿಂಗೆ ಫೋನ್ ಮಾಡೋ ಹೊತ್ಗೆ ಅಲ್ಲೇ ಮಲ್ಗಿದ್ರಂತೆ."

ಪಕ್ಕದ ಮೇಜಿನಲ್ಲಿ ಕೂತಿದ್ದ ಹಂಸ ತಲೆಯೆತ್ತಿದಳು. ಜಟ್ಟೆಮ್ಮ ಯಾರ ಮೇಲೂ ದೂರು ಹೇಳುವ ಧಾಟಿಯಲ್ಲಿರಲಿಲ್ಲ. ಆ ನಾಲ್ಕು ದಿನ ಪಟ್ಟ ಪಾಡನ್ನು ಸುಮ್ಮನೆ ಹೇಳಿಕೊಳ್ಳುತ್ತಿದ್ದಳು. ಆಸ್ಪತ್ರೆಗಳಲ್ಲಿ ಇಲ್ಲ ಅಂದ ಮೇಲೆ ಪೊಲೀಸಿನವರು ಶವಾಗಾರಕ್ಕೆ ಹೋಗಿ ನೋಡಿ ಅಂದಿದ್ದರು. ಅರವತ್ತರ ಆಸುಪಾಸಿನ ಗಂಡಸು ಎಂದು ಅವಳಿಗೆ ಒಂದಾದ ಮೇಲೊಂದು ಮೂರು ಹೆಣ ತೋರಿಸಿದ್ದರು. "ಮೂರನೇದುಕ್ಕೆ ಬಟ್ಟೆ ಸರ್ಸೋವಾಗ ನಾನೇ ಬೇಡ್ಕಂಡೆ, ಇವ್ರೇ ಆಗೋಗ್ಲಿ ದೇವ್ರೇ, ಹಿಂಗ್ ನೋಡಿದ್ದು ಸಾಕು ಅಂತ," ಎಂದಳು. ಆಮೇಲೆ ಫಹ್ಮಿದಾ ಕೊಟ್ಟ ನೀರು ಕುಡಿದು, ಆಸ್ಪತ್ರೆಗೆ ಊಟ ಒಯ್ಯಬೇಕು ಎಂದು ಹೊರಟುಹೋದಳು.

ಅವಳು ಇಳಿದ ಮೇಲೆ ಹಂಸಳೇ ಮುನಿವೆಂಕಟಪ್ಪ, ಅರವತ್ತೆರಡು ಎಂದು ಟೈಪ್ ಮಾಡಿ ಹುಡುಕಿದಳು. ಕೆ.ಆರ್. ಪುರದ ಸಾಲಿನ ಮುಂದೆ ‘ದಾಖಲೆ ಇಲ್ಲ’ ಎಂದು ಬಂತು. ಆ ಆಸ್ಪತ್ರೆಯ ಕೌಂಟರಿಗೆ ಫೋನ್ ಮಾಡಿದಳು. ಇದ್ದಾರೆ ಮೇಡಂ, ನಮ್ಮ ಕಂಪ್ಯೂಟರಲ್ಲಿ ಶುಕ್ರವಾರದಿಂದಲೂ ಇದೆ ಎಂದರು ಅವರು.

ತಪ್ಪು ಸಿಗಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಗುರುವಾರ ಆ ಕಂಪ್ಯೂಟರು ಆರಿ ಹತ್ತಿದಾಗ, ಅದಕ್ಕೆ ಮೊದಲೇ ಕೊಟ್ಟಿಟ್ಟಿದ್ದ ನಮೂನೆ ಅಳಿಸಿಹೋಗಿತ್ತು. ಸಂಪರ್ಕ ತಾನಾಗಿ ಮತ್ತೆ ಕೂಡಿಕೊಂಡಿತು. ಆದರೆ ಹಂಸಳ ಪುಟ ‘ನಮೂನೆ ಕೊಟ್ಟಾಗಿದೆ’ ಎಂದು ಹಳೆಯದನ್ನೇ ನಂಬಿಕೊಂಡು, ಬರೀ ಹೆಸರು ವಯಸ್ಸು ಕಳಿಸುತ್ತಲೇ ಇತ್ತು. ಆ ಕಡೆಯ ಡೇಟಾಬೇಸ್ ಪ್ರತಿ ಸಲವೂ ಪ್ರಾಮಾಣಿಕವಾಗಿ, ‘ನೀವು ಹೇಳುವ ನಮೂನೆ ನನ್ನ ಬಳಿ ಇಲ್ಲ’ ಎಂದು ಉತ್ತರ ಕೊಟ್ಟಿತ್ತು. ಕಾಯದೆ ಕಳಿಸುವ ಈ ವಿಧಾನದಲ್ಲಿ, ಕಳಿಸುವಾಗ ಸಿಗುವ ‘ಸರಿ’ ಎಂಬ ಮಾತಿಗೆ ಕಳಿಸಿದ್ದಾಯಿತು ಎಂದಷ್ಟೇ ಅರ್ಥ. ಅಲ್ಲಿ ತಪ್ಪಾಗಿದೆಯೋ ಇಲ್ಲವೋ ಎಂಬುದು ಉತ್ತರ ಎತ್ತಿಕೊಂಡಾಗಲೇ ತಿಳಿಯುವುದು, ಅದನ್ನು ಬಿಚ್ಚಿ ನೋಡಿದರೆ ಮಾತ್ರ. ಹಂಸ ಬಿಚ್ಚಿ ನೋಡುವ ಸಾಲನ್ನು ಬರೆದಿರಲಿಲ್ಲ. ಬಂದದ್ದರಲ್ಲಿ ಎಷ್ಟು ಹೆಸರಿದೆ ಎಂದು ಎಣಿಸುವುದಷ್ಟನ್ನೇ ಬರೆದಿದ್ದಳು. ತಪ್ಪಿನ ಉತ್ತರದಲ್ಲಿ ಹೆಸರೆಲ್ಲಿರುತ್ತದೆ? ಸೊನ್ನೆ. ಸೊನ್ನೆ ಬಂದರೆ ‘ದಾಖಲೆ ಇಲ್ಲ’.

ಅವತ್ತೇ ಅವಳು ಕೆಳಗಿಳಿದು ಬಂದು ನಮ್ಮ ಪ್ರೆಸ್ಸಿನ ಸ್ಟೂಲಿನ ಮೇಲೆ ಕೂತದ್ದು. ನಾನು ಯಾವುದೋ ಮದುವೆಯ ಕರಡು ನೋಡುತ್ತಿದ್ದೆ. ಏನೂ ಕೇಳದೆ ನೀರು ಕೊಟ್ಟೆ. ಕುಡಿಯದೆ ಲೋಟವನ್ನು ನನ್ನ ಮೇಜಿನ ಮೇಲಿಟ್ಟಳು.

"ಒಂದ್ ಸಾಲು ಕಣ್ರೀ," ಎಂದಳು. "ಆಮೇಲ್ ಬರೆಯೋಣಾಂತ ಬಿಟ್ಟಿದ್ದೆ. ಏಪ್ರಿಲಲ್ಲಿ, ಸಂಜೆ ಬಸ್ ತಪ್ಪೋಗುತ್ತೆ ಅಂತ ಎದ್ದೋಗಿದ್ದೆ. ಮಾರ್ನೇ ದಿನ ಬಂದು ಓಡ್ಸಿದ್ರೆ ಎಲ್ಲಾ ಚೆನ್ನಾಗೇ ಓಡ್ತು. ಮರ್ತೇಹೋಯ್ತು."

"ತಪ್ಪು ಎಲ್ರಿಂದಾನೂ ಆಗುತ್ತೆ," ಎಂದೆ. ನಾನೂ ಒಂದು ಸಲ ಮದುಮಗಳ ಹೆಸರಿನಲ್ಲೇ ತಪ್ಪು ಬಿಟ್ಟವಳು.

"ನಿಮ್ದ್ ತಪ್ಪಾದ್ರೆ ಕಾರ್ಡ್ ಮತ್ತೆ ಹೊಡೀಬೋದು," ಎಂದಳು. ಒರಟಾಗಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ಎದ್ದು ಮೇಲೆ ಹೋದಳು.

ಮಧ್ಯಾಹ್ನದ ನಮಾಜು ಮುಗಿಸಿ ಬಂದ ಗಯಾಜ್ ಸಾಹೇಬರಿಗೆ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಲೈನು ಕೆಟ್ಟಿತ್ತು, ಆಸ್ಪತ್ರೆಯವರು ಕಂಪ್ಯೂಟರ್ ಆರಿಸಿದ್ದು ತಿಳಿಸಲಿಲ್ಲ ಎಂದು ಒಂದು ಮಾತೂ ಸೇರಿಸಲಿಲ್ಲ ಎಂದು ಫಹ್ಮಿದಾ ಆಮೇಲೆ ನನಗೆ ಹೇಳಿದಳು. ಸಾಹೇಬರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳುತ್ತಾ ಕೂತಿದ್ದರು.

"ಎಷ್ಟ್ ಜನಕ್ಕೆ ಹೀಗೆ ಇಲ್ಲ ಅಂದಿದ್ದೀವಿ?" ಎಂದು ಕೇಳಿದರು.

"ಗುರುವಾರದಿಂದ ನಲವತ್ಮೂರು ಜನ ಹುಡುಕ್ಸಿದ್ದಾರೆ ಸಾಹೇಬ್ರೇ."

"ಎಲ್ರಿಗೂ ಫೋನ್ ಮಾಡಿ. ನಾನೂ ಕೂತ್ಕೊತೀನಿ."

ಬರೆಯದೆ ಬಿಟ್ಟಿದ್ದ ಸಾಲನ್ನು ಅವಳು ಮೊದಲು ಬರೆದಳು. ನಮೂನೆ ಇಲ್ಲ ಎಂದು ಉತ್ತರ ಬಂದರೆ ಮತ್ತೆ ನಮೂನೆ ಕೊಟ್ಟು ಮತ್ತೆ ಕೇಳುವಂತೆ ಮಾಡಿದಳು. ಆಮೇಲೆ ಆ ನಲವತ್ತಮೂರು ಹೆಸರುಗಳನ್ನು ಮತ್ತೊಮ್ಮೆ ಹುಡುಕಿದಳು. ಕೆ.ಆರ್. ಪುರದಲ್ಲಿ ಸಿಕ್ಕಿದ್ದು ಎರಡು. ಒಂದು ಮುನಿವೆಂಕಟಪ್ಪ, ಇನ್ನೊಂದು ಪಿಳ್ಳಮ್ಮ ಎಂಬ ಎಪ್ಪತ್ತೊಂಬತ್ತರ ಮುದುಕಿ. ಪಿಳ್ಳಮ್ಮನ ಮನೆಗೆ ಹಂಸಳೇ ಫೋನ್ ಮಾಡಿದಳು. ಫೋನ್ ಎತ್ತಿದ ಮೊಮ್ಮಗಳು, ಅಜ್ಜಿ ಮಾರನೇ ದಿನವೇ ಸಿಕ್ಕರು, ಈಗ ಮನೆಯಲ್ಲಿ ಟೀವಿ ನೋಡುತ್ತಿದ್ದಾರೆ ಎಂದಳು.

ಉಳಿದವರಿಗೂ ಮಾಡಲೇಬೇಕಿತ್ತು. ಎರಡು ದಿನ ಮೂವರೂ ಅದೇ ಕೆಲಸ ಮಾಡಿದರು. ನಮ್ಮ ಪುಟ ನಿಮಗೆ ತಪ್ಪು ಹೇಳಿರಬಹುದಿತ್ತು, ಈಗ ಮತ್ತೆ ನೋಡಿದ್ದೇವೆ, ಆ ಆಸ್ಪತ್ರೆಯಲ್ಲಿ ನಿಜವಾಗಿಯೂ ಇಲ್ಲ, ಕ್ಷಮಿಸಿ. ಹೆಚ್ಚಿನವರಿಗೆ ತಮ್ಮವರು ಎಲ್ಲೋ ಸಿಕ್ಕಾಗಿತ್ತು. ಆಯ್ತು ಬಿಡಿ ಎಂದರು. ಒಬ್ಬ ಬಾಯಿಗೆ ಬಂದಂತೆ ಬೈದ. ಒಬ್ಬ ತಾಯಿ ಮಾತ್ರ, ಹಂಸ ಹೆಸರು ಹೇಳಿದ ಕೂಡಲೇ ಮಗ ಸಿಕ್ಕಿದ ಎಂದು ತಿಳಿದು, "ಎಲ್ಲಿದ್ದಾನಮ್ಮಾ?" ಎಂದು ಕೂಗಿದಳಂತೆ. ಇಲ್ಲ ಎಂದು ಅವಳಿಗೆ ಎರಡನೇ ಸಲ ಹೇಳಬೇಕಾಯಿತು. ಅದಾದ ಮೇಲೆ ಹಂಸ ಫೋನನ್ನು ಫಹ್ಮಿದಾಳ ಕಡೆ ತಳ್ಳಿ ಕಿಟಕಿಯ ಹತ್ತಿರ ಹೋಗಿ ನಿಂತಿದ್ದಳು.

ಶನಿವಾರ ಅವಳು ಒಬ್ಬಳೇ ಕೆ.ಆರ್. ಪುರಕ್ಕೆ ಹೋದಳು. ಏಳು ವರ್ಷದಿಂದ ದಿನಕ್ಕೆ ಹತ್ತಾರು ಸಲ ಆ ಹನ್ನೊಂದು ಆಸ್ಪತ್ರೆಗಳನ್ನು ಕೇಳಿದವಳು, ಒಂದರ ಒಳಗೂ ಕಾಲಿಟ್ಟಿರಲಿಲ್ಲ. ಬೆನ್ನಿಗನಹಳ್ಳಿಯ ಹತ್ತಿರ ಬಸ್ಸು ಮುಕ್ಕಾಲು ಗಂಟೆ ನಿಂತೇ ಇತ್ತು. ಅವಳು ಆಸ್ಪತ್ರೆ ಮುಟ್ಟಿದಾಗ ನಾಲ್ಕೂವರೆ. ಕೌಂಟರಿನಲ್ಲಿ ಒಬ್ಬಳು ಹುಡುಗಿ, ಮುಂದೆ ಕೂಗುತ್ತಿದ್ದ ಜನರ ನಡುವೆ, ಒಂದು ಬೆರಳಿನಿಂದ ಹೆಸರುಗಳನ್ನು ಟೈಪ್ ಮಾಡುತ್ತಿದ್ದಳು.

ಗಂಡಸರ ವಾರ್ಡಿನಲ್ಲಿ ಕೊನೆಯ ಹಾಸಿಗೆ. ಜಟ್ಟೆಮ್ಮ ನೆಲದ ಮೇಲೆ ಕೂತು ಮೋಸಂಬಿ ಸುಲಿಯುತ್ತಿದ್ದಳು. ಹಂಸಳನ್ನು ನೋಡಿ, ಟ್ರಸ್ಟಿನವಳು ಎಂದು ಗುರುತು ಹಿಡಿದು, "ನೀನ್ಯಾಕವ್ವ ಇಷ್ಟ್ ದೂರ ಬಂದೆ?" ಎಂದಳು.

ಹಂಸ ನಿಂತುಕೊಂಡೇ ಹೇಳಿದಳು. ನಮೂನೆ, ಡೇಟಾಬೇಸು ಎಂದು ಏನನ್ನೂ ವಿವರಿಸಲಿಲ್ಲ. "ಇವ್ರು ಇಲ್ಲಿದ್ದಾರೆ ಅಂತ ಈ ಆಸ್ಪತ್ರೆಯವ್ರು ಶುಕ್ರವಾರಾನೇ ಬರ್ದಿದ್ರಮ್ಮ. ನಾನ್ ಮಾಡಿದ್ ಕೆಲ್ಸದಲ್ಲಿ ತಪ್ಪಿತ್ತು. ಅದ್ಕೇ ನಿಮ್ಗೆ ಮೂರು ಸಲಾನೂ ಇಲ್ಲ ಅಂತ ಬಂತು. ನನ್ನಿಂದ ಆಗಿದ್ದು."

ಜಟ್ಟೆಮ್ಮ ಸುಲಿಯುವುದನ್ನು ನಿಲ್ಲಿಸಿದಳು. ಗಂಡನ ಮುಖ ನೋಡಿದಳು. ಮುನಿವೆಂಕಟಪ್ಪ ಚಾವಣಿ ನೋಡುತ್ತಾ ಮಲಗಿದ್ದರು.

"ಜ್ಞಾನ ಬಂದ್ಮೇಲೆ ನಾನ್ ಗೋಡೆ ಕಡೆ ತಿರುಕ್ಕೊಂಡ್ ಬುಟ್ಟಿದ್ದೆ," ಎಂದರು ಅವರು ನಿಧಾನವಾಗಿ. "ಎಲ್ರುಗೂ ಯಾರಾದ್ರೂ ಬರೋರು. ನನ್ಗೆ ಬರ್ಲಿಲ್ಲ. ಬೇಡ ಅಂತ ಬುಟ್ಬುಟ್ರು ಅನ್ಕಂಡೆ."

"ಥೂ, ಸುಮ್ಕಿರಿ," ಎಂದಳು ಜಟ್ಟೆಮ್ಮ. ಆಮೇಲೆ ಹಂಸಳ ಕಡೆ ತಿರುಗಿದಳು. "ನಿನ್ನ ಬೈದ್ರೆ ನಂಗೇನ್ ಬರುತ್ತವ್ವ. ಬೈಯಕ್ಕೂ ಆಗಲ್ಲ ನನ್ ಕೈಲಿ ಈಗ. ಆದ್ರೆ ಆ ಮೂರು ಮುಖ ಕಣ್ ಮುಚ್ಚಿದ್ರೆ ಬರ್ತವೆ. ಅದುನ್ನ ನೀನೂ ತೆಗ್ಯಕ್ಕಾಗಲ್ಲ, ನಾನೂ ತೆಗ್ಯಕ್ಕಾಗಲ್ಲ."

ಜಟ್ಟೆಮ್ಮ ಮತ್ತೆ ಮೋಸಂಬಿ ಕೈಗೆತ್ತಿಕೊಂಡಳು. ಸುಲಿಯುತ್ತಾ, "ಓದ್ದೋಳಲ್ವಾ ನೀನು, ಆ ಕೌಂಟರಲ್ಲಿ ಕೇಳ್ಕಂಬಾ, ಮೂಳೆ ಡಾಕ್ಟ್ರು ಯಾವತ್ ಬರ್ತಾರೆ ಅಂತ. ನಾನ್ ಕೇಳುದ್ರೆ ಹೇಳಲ್ಲ ಅವ್ರು," ಎಂದಳು.

ಹಂಸ ಹೋಗಿ ಕೌಂಟರಿನ ಸಾಲಿನಲ್ಲಿ ನಲವತ್ತು ನಿಮಿಷ ನಿಂತಳು. ಸೋಮವಾರ ಬೆಳಿಗ್ಗೆ ಎಂದು ತಿಳಿದುಕೊಂಡು ಬಂದು, ಒಂದು ಚೀಟಿಯಲ್ಲಿ ಡಾಕ್ಟರ ಹೆಸರು ಬರೆದುಕೊಟ್ಟಳು. ಜಟ್ಟೆಮ್ಮ ಅವಳ ಕೈಗೆ ಎರಡು ತೊಳೆ ಮೋಸಂಬಿ ಹಾಕಿದಳು. ಅದು ಕ್ಷಮಿಸಿದ್ದೇ ಎಂದು ನಾನು ಆಮೇಲೆ ಕೇಳಿದಾಗ, ಹಂಸ, "ಗೊತ್ತಿಲ್ಲ ರೀ, ಹಸಿವಾಗಿತ್ತು, ತಿಂದೆ," ಎಂದಳು.

ಸೋಮವಾರ ಅವಳು ಗಯಾಜ್ ಸಾಹೇಬರಿಗೆ ಕೆಲಸ ಬಿಡುತ್ತೇನೆಂದು ಪತ್ರ ಕೊಟ್ಟಳು. ಸಾಹೇಬರು ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು.

"ನಮ್ಮಣ್ಣ ಒಂಬತ್ತು ದಿನ ಬಿದ್ದಿದ್ರಲ್ಲ," ಎಂದರು, "ಆಗ ಆ ನರ್ಸಿಂಗ್ ಹೋಮಿಗೆ ನಾನೇ ಹೋಗಿದ್ದೆ, ಐದನೇ ದಿನ. ಕೌಂಟರಲ್ಲಿ ಇಲ್ಲ ಅಂದ್ರು, ವಾಪಸ್ ಬಂದೆ. ಒಳಗ್ ಹೋಗಿ ನೋಡ್ಲಿಲ್ಲ. ಯಾಕಂದ್ರೆ ಅಂಗ್ಡಿಗೆ ಟೈಮಾಗಿತ್ತು." ಅವರು ಜೇಬು ತಟ್ಟಿಕೊಂಡರು. "ಈ ಕಾಗ್ದ ನನ್ ಹತ್ರ ಇರ್ಲಿ. ಮೊಹರ್ರಂ ಆದ್ಮೇಲೆ ಮಾತಾಡೋಣ."

ಮೊಹರ್ರಂ ಆಯಿತು, ಗಣೇಶ ಬಂದುಹೋದ, ದೀಪಾವಳಿಯೂ ಮುಗಿಯಿತು. ಅವರು ಮಾತೆತ್ತಲಿಲ್ಲ, ಅವಳೂ ನೆನಪಿಸಲಿಲ್ಲ. "ಬಿಟ್ಟು ಬೇರೆ ಕಡೆ ಹೋಗೋಕೂ ಒಂದ್ ಶಕ್ತಿ ಬೇಕಲ್ರೀ," ಎಂದಳು ನನ್ನ ಬಳಿ. ಕೆಂಪರಾಜ್ ಮಾತ್ರ ಒಂದು ದಿನ ಟ್ಯಾಂಕರನ್ನು ರಸ್ತೆಯಲ್ಲೇ ನಿಲ್ಲಿಸಿ ನಮ್ಮ ಮೆಟ್ಟಿಲು ಹತ್ತಿ ಬಂದಿದ್ದ. ಮನೆಯಲ್ಲಿ ಊಟ ಸರಿಯಾಗಿ ಮಾಡುತ್ತಿಲ್ಲ, ಇಲ್ಲಿ ಹೇಗಿದ್ದಾಳೆ ಎಂದು ನನ್ನನ್ನು ಕೇಳಿ, ಅವಳಿಗೆ ಹೇಳಬೇಡಿ ಎಂದು ಇಳಿದುಹೋದ.

ಪುಟದಲ್ಲಿ ಈಗ ಮೂರು ಬಗೆಯ ಉತ್ತರ ಬರುತ್ತದೆ. ಇದ್ದಾರೆ. ಇಲ್ಲ. ಮೂರನೆಯದು ಹಳದಿ ಬಣ್ಣದಲ್ಲಿ: ‘ಉತ್ತರ ಬರಲಿಲ್ಲ, ಫೋನ್ ಮಾಡಿ ಕೇಳಿ’. ಹಳದಿ ಕಂಡರೆ ಫಹ್ಮಿದಾಳಿಗೆ ಆಗುವುದಿಲ್ಲ. ಆ ಆಸ್ಪತ್ರೆಗೆ ಫೋನ್ ಮಾಡಿ, ಅವರು ಎತ್ತುವ ತನಕ ಕಾಯಬೇಕು. ಹಳೆಯ ಹುಡುಕಾಟದಷ್ಟೇ ಹೊತ್ತು ಮತ್ತೆ ಹಿಡಿಯುತ್ತದೆ ಕೆಲವು ದಿನ. ಗೊಣಗುತ್ತಾಳೆ, ಆದರೂ ಮಾಡುತ್ತಾಳೆ.

ಹಂಸ ಇನ್ನೊಂದು ಕೆಲಸ ಮಾಡಿದಳು. ಆಗಸ್ಟಿನಿಂದ ಅಕ್ಟೋಬರ್ ತನಕ, ವಾರಕ್ಕೊಂದು ದಿನ, ಆ ಮಂಡಿ ಎಳೆದುಕೊಂಡು ಹನ್ನೊಂದು ಆಸ್ಪತ್ರೆಗಳಿಗೂ ಬಸ್ಸಿನಲ್ಲಿ ಹೋಗಿ ಬಂದಳು. ಪ್ರತಿಯೊಂದರಲ್ಲೂ ಕೌಂಟರಿನವರನ್ನು ಒಪ್ಪಿಸಿ, ನಿಜವಾಗಿ ಇಲ್ಲದ ಒಬ್ಬ ರೋಗಿಯನ್ನು ಅವರ ಪಟ್ಟಿಗೆ ಸೇರಿಸಿದಳು. ಹೆಸರು ಹಂಪಣ್ಣ, ವಯಸ್ಸು ನೂರಾ ಹನ್ನೊಂದು. ಬೆಳಿಗ್ಗೆ ಬಂದ ಕೂಡಲೇ ಅವಳು ಮೊದಲು ಹುಡುಕುವುದು ಅವನನ್ನು. ಹನ್ನೊಂದು ಹಂಪಣ್ಣರೂ ಸಿಕ್ಕರೆ ಪುಟ ಸರಿಯಾಗಿ ಕೇಳುತ್ತಿದೆ, ಎಲ್ಲರೂ ಸರಿಯಾಗಿ ಹೇಳುತ್ತಿದ್ದಾರೆ ಎಂದರ್ಥ. ಒಂದು ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ ನರ್ಸು, ಊಟ ಕೊಡಲು ಹಂಪಣ್ಣನನ್ನು ಮೂರು ವಾರ್ಡಿನಲ್ಲಿ ಹುಡುಕಿ, ಮುದುಕ ತಪ್ಪಿಸಿಕೊಂಡು ಹೋಗಿದ್ದಾನೆ ಎಂದು ಟ್ರಸ್ಟಿಗೇ ಫೋನ್ ಮಾಡಿದ್ದಳು. ಅವತ್ತು ಮೇಲಿನ ಮಹಡಿಯಿಂದ ಹಂಸ ನಗುವುದು ನನ್ನ ಮೇಜಿಗೆ ಕೇಳಿಸಿತು. ಬಹಳ ದಿನದ ಮೇಲೆ ಕೇಳಿಸಿದ್ದು.

ಮೊನ್ನೆ ಬೆಳಿಗ್ಗೆ ಹತ್ತೇ ಹಂಪಣ್ಣರು ಸಿಕ್ಕಿದ್ದರಂತೆ. ಅವಳು ನಿಂತುಕೊಂಡೇ, ಹೆಗಲ ಚೀಲವನ್ನೂ ಇಳಿಸದೆ, ಹನ್ನೊಂದನೆಯ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದಳು. ಆ ಕಡೆ ಯಾರೂ ಎತ್ತುತ್ತಿರಲಿಲ್ಲ. ಅವಳು ಮತ್ತೆ ಒತ್ತಿದಳು.